ಮಳೆಗಾಲದಲ್ಲಿ ಮಾನ್‌ಸ್ಟೆರಾ ಕೊಳೆಯದಂತೆ ನೋಡಿಕೊಳ್ಳುವುದು: ಮಲೆನಾಡಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಆಗಸ್ಟ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರಲು ಶುರುವಾಗುತ್ತವೆ. ಹಳದಿ ತಿರುಗಿದ ಎಲೆ, ಮೆತ್ತಗಾದ ಕಾಂಡ, ಕಪ್ಪಗೆ ಹಸಿಯಾದ ಮಣ್ಣು. ಕೆಳಗೆ ಒಂದೇ ಸಾಲು: "ನೀರು ಸರಿಯಾಗೇ ಹಾಕ್ತಿದ್ದೆ, ಯಾಕೆ ಹೀಗಾಯ್ತು?"

ಸರಿಯಾಗೇ ಹಾಕಿರುತ್ತಾರೆ. ತೊಂದರೆ ಇರುವುದೇ ಅಲ್ಲಿ. ಏಪ್ರಿಲ್‌ನಲ್ಲಿ ಹಾಕುತ್ತಿದ್ದ ಲೆಕ್ಕದಲ್ಲೇ ಜುಲೈಯಲ್ಲೂ ಹಾಕಿರುತ್ತಾರೆ. ವಿಡಿಯೋಗಳಲ್ಲಿ ಹೇಳುವ "ವಾರಕ್ಕೆ ಎರಡು ಸಲ" ನಮ್ಮ ಕಡೆಗೆ ಹೊಂದುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅಲ್ಲಿಂದ ನೂರು ಕಿ.ಮೀ. ಒಳಗೇ ಇರುವ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಒಂದೇ ಜಿಲ್ಲೆಯೊಳಗೆ ಇಷ್ಟು ವ್ಯತ್ಯಾಸ ಇರುವಾಗ ಎಲ್ಲರಿಗೂ ಒಂದೇ ಲೆಕ್ಕ ಹೇಗೆ ಆಗುತ್ತದೆ?

ಇಲ್ಲಿ ಹೇಳಿರುವುದು ಸೀಳು ಎಲೆಯ ಮಾನ್‌ಸ್ಟೆರಾ ಡೆಲಿಸಿಯೋಸಾ ಬಗ್ಗೆ. ಮನಿಪ್ಲಾಂಟ್‌, ಫಿಲೋಡೆಂಡ್ರಾನ್‌ಗಳಿಗೂ ಮುಕ್ಕಾಲು ಭಾಗ ಹೊಂದುತ್ತದೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನವರು ಗಿಡ ತಂದು, ಕುಂಡ ಕೊಂಡು, ಕೊನೆಗೆ ಜಾಗ ಹುಡುಕುತ್ತಾರೆ. ಅದು ತಲೆಕೆಳಗು.

## ಮೊದಲು ಇದೊಂದು ಗೊತ್ತಿರಲಿ

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿ ನಿಂತರೆ ಬೇರು ಉಸಿರುಕಟ್ಟಿ ಸಾಯುತ್ತದೆ. ಸತ್ತ ಬೇರಿಗೆ ಕೊಳೆ ಹತ್ತುತ್ತದೆ. ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ, ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಎಂಬ ರೋಗಾಣು ಇದೆಯಲ್ಲ, ಕುಂಡದ ಗಿಡಗಳ ಬೇರು ಕೊಳೆಸುವುದರಲ್ಲೂ ಅದರ ಬಳಗದ್ದೇ ಕೈವಾಡ ಇರುತ್ತದೆ. ತೋಟದಲ್ಲಿ ಬಸಿಗಾಲುವೆ ಸರಿ ಇಲ್ಲ ಎಂದರೆ ನಿದ್ದೆಗೆಡುವ ನಾವು, ಜಗಲಿಯ ಮೇಲಿನ ಕುಂಡಕ್ಕೆ ತೂತು ಇದೆಯಾ ಎಂದು ನೋಡುವುದಿಲ್ಲ.

ನನ್ನ ಮೊದಲ ಗಿಡ ಸತ್ತಿದ್ದು ಹಾಗೆಯೇ. ಚಂದದ ಬಿಳಿ ಪಿಂಗಾಣಿ ಕುಂಡ. "ತೂತು ಇಲ್ಲದಿದ್ರೇ ಒಳ್ಳೇದು, ನೆಲ ಗಲೀಜಾಗಲ್ಲ" ಎಂದು ಅಂಗಡಿಯವರು ಹೇಳಿದ್ದನ್ನು ನಂಬಿದ್ದೆ. ಜುಲೈ ಕೊನೆಯಲ್ಲಿ ಗಿಡ ವಾಲಿತು. ಹಿಡಿದೆತ್ತಿದರೆ ಏನೂ ಅಡ್ಡಿ ಇಲ್ಲದೆ ಕೈಗೇ ಬಂತು. ಹಳ್ಳದ ಕೆಸರಿನ ವಾಸನೆ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಮೇಲಿನ ಸಿಪ್ಪೆ ಬಸಳೆಯ ಲೋಳೆಯ ಹಾಗೆ ಜಾರಿ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ಕುಂಡದ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು.

## ಬೇಕಾಗುವ ಸಾಮಾನು

ತಳದಲ್ಲಿ ತೂತಿರುವ ಕುಂಡ, ಕೆಳಗಿಡಲು ತಟ್ಟೆ, ಜರಡಿ, ಹರಿತವಾದ ಕತ್ತರಿ, ಒಂದು ಬಕೆಟ್. ಒಂದಡಿ ಉದ್ದದ ಒರಟು ಬಿದಿರಿನ ಕಡ್ಡಿ. ಆಸರೆಗೆ ಮೂರಡಿ ಪಿವಿಸಿ ಪೈಪು ಅಥವಾ ದಬ್ಬೆ, ತೆಂಗಿನ ನಾರಿನ ಹಗ್ಗ. ಕಟ್ಟಲು ಹಳೇ ಬನಿಯನ್ನಿನ ಪಟ್ಟಿ. ಕೈಗವಸು ಇದ್ದರೆ ಒಳ್ಳೆಯದು.

ಕೈಗವಸು ಯಾಕೆ ಎಂದರೆ ಇದು ನಮ್ಮ ಕೆಸು, ಸುವರ್ಣಗಡ್ಡೆಗಳ ಕುಟುಂಬದ್ದೇ. ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಪತ್ರೊಡೆಗೆ ಹುಳಿ ಕಮ್ಮಿಯಾದರೆ ಗಂಟಲು ಕೆರೆಯುತ್ತದಲ್ಲ, ಅದೇ ತುರಿಕೆ. ಅಂಬೆಗಾಲಿಡುವ ಮಗು, ಎಲೆ ಕಚ್ಚುವ ಬೆಕ್ಕು ಮನೆಯಲ್ಲಿದ್ದರೆ ಗಿಡ ಕೈಗೆ ಸಿಗದ ಕಡೆ ಇರಲಿ.

## ಹಂತ 1: ಜಾಗ ನೋಡುವುದು

ಹಳೇ ಹೆಂಚಿನ ಮನೆಗಳಲ್ಲಿ ಸೂರು ಕೆಳಗಿಳಿದಿರುತ್ತದೆ, ಕಿಟಕಿ ಚಿಕ್ಕದು. ನಮ್ಮ ಕಣ್ಣಿಗೆ ಬೆಳಕಿದೆ ಅನ್ನಿಸುತ್ತದೆ, ಗಿಡಕ್ಕೆ ಅದು ಸಾಲುವುದಿಲ್ಲ. ಹಾಗಾಗಿ ಕಣ್ಣನ್ನು ನಂಬಬೇಡಿ, ನೆರಳನ್ನು ನಂಬಿ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗಿಡ ಇಡಬೇಕೆಂದಿರುವ ಜಾಗದಲ್ಲಿ ಬಿಳಿ ಕಾಗದ ಇಟ್ಟು, ಒಂದಡಿ ಮೇಲೆ ಕೈ ಹಿಡಿಯಿರಿ. ಬೆರಳುಗಳು ಗುರುತು ಸಿಗುವಂಥ ಮೆತ್ತನೆ ನೆರಳು ಬಿದ್ದರೆ ಜಾಗ ಸರಿ. ಕತ್ತರಿಸಿದ ಹಾಗೆ ಕಪ್ಪು ನೆರಳು ಬಿದ್ದರೆ ಬಿಸಿಲು ಜಾಸ್ತಿ, ಎಲೆ ಸುಡುತ್ತದೆ. ನೆರಳೇ ಬೀಳದಿದ್ದರೆ ಅಲ್ಲಿ ಗಿಡ ಬದುಕಬಹುದು, ಬೆಳೆಯುವುದಿಲ್ಲ.

ಮನೆಯಲ್ಲಿ ಗಾಜಿನ ಹೆಂಚು ಇದ್ದರೆ ಅದರ ಕೆಳಗಿನ ಜಾಗ ಚಿನ್ನ. ಬೇಸಿಗೆಯಲ್ಲಿ ಮಾತ್ರ ಹೆಂಚಿನಿಂದ ಬೀಳುವ ಬಿಸಿಲಿನ ಚೌಕ ನೇರ ಎಲೆಯ ಮೇಲೆ ಕೂರದಂತೆ ಒಂದೆರಡು ಅಡಿ ಸರಿಸಿ. ಬಚ್ಚಲ ಒಲೆಯ ಹೊಗೆ ತಾಗುವ ಗೋಡೆ ಬೇಡ.

ಈ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ಮಾಡಬೇಕು. ಮಾರ್ಚ್‌ನಲ್ಲಿ ಸರಿಯಿದ್ದ ಜಾಗ ಆರಿದ್ರೆ ಮಳೆ ಕೂತ ಮೇಲೆ ಕತ್ತಲೆ ಕೋಣೆ ಆಗಿರುತ್ತದೆ. ಜೂನ್ ಎರಡನೇ ವಾರ ಗಿಡವನ್ನು ಕಿಟಕಿಗೆ ಹತ್ತಿರ ತನ್ನಿ. ಅಷ್ಟಕ್ಕೂ ನೆರಳು ಬೀಳದಿದ್ದರೆ 20 ವಾಟ್ಸಿನ ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬ್ ಎಲೆಗಳಿಂದ ಒಂದು, ಒಂದೂವರೆ ಅಡಿ ಮೇಲೆ ಕಟ್ಟಿ, ದಿನಕ್ಕೆ 10ರಿಂದ 12 ಗಂಟೆ ಉರಿಸಿ. ಕರೆಂಟ್ ಇದ್ದರೆ. ನೇರಳೆ ಬಣ್ಣದ ದುಬಾರಿ ದೀಪವೇ ಬೇಕೆಂದಿಲ್ಲ.

## ಹಂತ 2: ಮಣ್ಣು ಕಲಸುವುದು

ಮಣ್ಣು ಎಂದು ಬರೆದೆ, ನಿಜವಾಗಿ ಇದರಲ್ಲಿ ಮಣ್ಣೇ ಇಲ್ಲ. ನಮ್ಮ ಕೆಂಪು ಮಣ್ಣು ಕುಂಡದೊಳಗೆ ನಾಲ್ಕು ಸಲ ನೆನೆದು ಒಣಗಿದರೆ ಇಟ್ಟಿಗೆ. ಮಾನ್‌ಸ್ಟೆರಾ ಕಾಡಿನಲ್ಲಿ ಮರ ಹತ್ತುವ ಬಳ್ಳಿ. ದರಕು, ತೊಗಟೆ ಚೂರುಗಳ ನಡುವೆ ಬೇರು ಬಿಟ್ಟು ಅಭ್ಯಾಸ.

ನಾನು ಹಾಕುವ ಅಳತೆ: ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) 2 ಪಾಲು, ಇದ್ದಿಲಿನ ಚೂರು ಮತ್ತು ತೆಂಗಿನ ಸಿಪ್ಪೆಯ ತುಂಡು ಸೇರಿ 2 ಪಾಲು, ದಪ್ಪ ಮರಳು 1 ಪಾಲು, ಎರೆಗೊಬ್ಬರ 1 ಪಾಲು. ಚೂರುಗಳು ಕಡಲೆಕಾಳಿನಿಂದ ಅಡಿಕೆಯ ಗಾತ್ರದ ತನಕ ಇರಬಹುದು. ಎಂ ಸ್ಯಾಂಡ್ ಬಳಸಿದರೆ ಜರಡಿ ಹಿಡಿದು ನುಣ್ಣನೆ ಪುಡಿಯನ್ನು ಬಿಸಾಡಿ.

ಇಲ್ಲಿ ಮೂರು ತಪ್ಪುಗಳು ಆಗುತ್ತವೆ. ಕೋಕೋಪೀಟನ್ನು ಸುಮ್ನೆ ನೆನೆಸಿ ಹಾಕಿಬಿಡುವುದು ಒಂದು. ಅದರಲ್ಲಿ ಉಪ್ಪು ಉಳಿದಿರುತ್ತದೆ, ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಬೇಕು. ಬಚ್ಚಲ ಒಲೆಯ ಇದ್ದಿಲನ್ನು ಬೂದಿ ಸಮೇತ ಸುರಿಯುವುದು ಇನ್ನೊಂದು. ಬೂದಿ ಕ್ಷಾರ, ತೊಳೆದೇ ಹಾಕಿ. ಮೂರನೆಯದು ನಮ್ಮೂರಿನದ್ದೇ ತಪ್ಪು: ಪುಕ್ಕಟೆ ಸಿಗುತ್ತದೆ ಎಂದು ಆ ವರ್ಷದ ಹಸಿ ಅಡಿಕೆ ಸಿಪ್ಪೆ ತುಂಬುವುದು. ಅದು ಕುಂಡದಲ್ಲೇ ಕಳಿಯಲು ಶುರುವಾಗಿ ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ತಾನೇ ತಿನ್ನುತ್ತದೆ.

ಕಲಸಿದ ಮೇಲೆ ಒಂದು ಮುಷ್ಟಿ ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ, ಕೈ ಬಿಚ್ಚಿ. ಉದುರಿದರೆ ಸರಿ. ಉಂಡೆ ಕಟ್ಟಿ ಕೂತರೆ ಇನ್ನಷ್ಟು ಇದ್ದಿಲು, ಮರಳು ಸೇರಿಸಿ.

## ಹಂತ 3: ಕುಂಡ

ಬೇರಿನ ಮುದ್ದೆಗಿಂತ ಎರಡು ಇಂಚು ಮಾತ್ರ ಅಗಲ ಇರಲಿ. "ಹೇಗೂ ದೊಡ್ಡದಾಗತ್ತಲ್ಲ" ಎಂದು ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ತಲುಪದ ಕಡೆ ನೀರು ವಾರಗಟ್ಟಲೆ ಹಾಗೇ ಇರುತ್ತದೆ.

ಮಣ್ಣಿನ ಕುಂಡವೋ ಪ್ಲಾಸ್ಟಿಕ್ಕೋ? ಹೊಸನಗರ, ತೀರ್ಥಹಳ್ಳಿ, ಸಾಗರದ ಮಳೆಗೆ ನನ್ನ ಮತ ಮಣ್ಣಿನ ಕುಂಡಕ್ಕೆ, ಗೋಡೆಯಿಂದಲೂ ತೇವ ಆರುತ್ತದೆ. ಶಿವಮೊಗ್ಗ, ಭದ್ರಾವತಿ ಪೇಟೆಯ ಬೇಸಿಗೆಗೆ ಪ್ಲಾಸ್ಟಿಕ್ ಸುಲಭ. ತಳದಲ್ಲಿ ಜಲ್ಲಿ ಹಾಸುವ ಪದ್ಧತಿ ಬಿಟ್ಟುಬಿಡಿ. ಜಲ್ಲಿ ಹಾಸಿದರೆ ನೀರು ಬಸಿಯುವುದಿಲ್ಲ, ಒದ್ದೆ ಪದರ ಜಲ್ಲಿಯ ಮೇಲೆ ಕೂತು ಬೇರಿಗೆ ಇನ್ನೂ ಹತ್ತಿರ ಬರುತ್ತದೆ, ಅಷ್ಟೇ. ತೂತಿನ ಮೇಲೆ ಒಂದು ಹಂಚಿನ ಚೂರು ಬೋರಲು ಇಟ್ಟರೆ ಸಾಕು.

## ಹಂತ 4: ಕವರಿನಿಂದ ಬಿಡಿಸಿ ನೆಡುವುದು

ಸಮಯ ಮುಖ್ಯ. ಮೇ ತಿಂಗಳು ಅಥವಾ ಮಳೆ ಇಳಿದ ಮೇಲೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಆರಿದ್ರೆಯಿಂದ ಆಶ್ಲೇಷ ಮಳೆಯವರೆಗೆ, ಅಂದರೆ ಜೂನ್ 21ರ ಹೊತ್ತಿನಿಂದ ಆಗಸ್ಟ್ ಮಧ್ಯದವರೆಗೆ, ಕೊಳೆತ ಗಿಡ ಉಳಿಸುವುದಕ್ಕಲ್ಲದೆ ಬೇರೆ ಯಾವುದಕ್ಕೂ ಬೇರು ಕೆದಕಬೇಡಿ. ಬೆಳಕಿಲ್ಲದ ದಿನಗಳಲ್ಲಿ ಗಾಯ ಮಾಯುವುದು ನಿಧಾನ.

ನರ್ಸರಿಯ ಕಪ್ಪು ಕವರಿನೊಳಗೆ ಸಾಮಾನ್ಯವಾಗಿ ಗಟ್ಟಿ ಕೆಂಪು ಮಣ್ಣು ಇರುತ್ತದೆ. ಅದನ್ನು ಹಾಗೇ ಹೊಸ ಮಿಶ್ರಣದೊಳಗೆ ಇಟ್ಟರೆ ಸುತ್ತ ಒಣಗಿರುತ್ತದೆ, ನಡುವಿನ ಮುದ್ದೆ ಹಸಿಯಾಗೇ ಇರುತ್ತದೆ. ಮೇಲೆ ಮುಟ್ಟಿ ನೋಡಿ ಒಣಗಿದೆ ಎಂದು ನೀರು ಹಾಕುತ್ತೀರಿ, ಒಳಗೆ ಕೊಳೆಯುತ್ತದೆ. ಆದ್ದರಿಂದ ಕವರ್ ಕತ್ತರಿಸಿ, ಮುದ್ದೆಯನ್ನು ಬಕೆಟ್ ನೀರಿನಲ್ಲಿ 15 ನಿಮಿಷ ಮುಳುಗಿಸಿ. ಬೆರಳಿಂದ ಮೆಲ್ಲಗೆ ಅಲುಗಿಸಿದರೆ ಮಣ್ಣು ತಾನಾಗೇ ಬಿಡುತ್ತದೆ. ಅರ್ಧಕ್ಕಿಂತ ಹೆಚ್ಚು ಬಿಟ್ಟರೆ ಸಾಕು, ಪೂರ್ತಿ ಹೋಗಲೇಬೇಕೆಂದು ಬೇರು ಹರಿಯಬೇಡಿ. ಒಂದೇ ಕವರಿನಲ್ಲಿ ಎರಡು ಮೂರು ಸಸಿ ಸಿಕ್ಕರೆ ಬೇರೆ ಬೇರೆ ಮಾಡಲು ಇದೇ ಸಮಯ.

ಮೊದಲು ಇದ್ದ ಆಳಕ್ಕೇ ನೆಡಿ. ಕಾಂಡ ಹುಗಿಯಬಾರದು. ಗಾಳಿಬೇರುಗಳನ್ನು ಮಾತ್ರ ಮಿಶ್ರಣದೊಳಗೆ ಇಳಿಸಬಹುದು. ಕೈಯಿಂದ ಒತ್ತಿ ಗಟ್ಟಿ ಮಾಡಬೇಡಿ, ಕುಂಡವನ್ನು ನೆಲಕ್ಕೆ ಎರಡು ಸಲ ಕುಕ್ಕಿದರೆ ಕೂರುತ್ತದೆ. ಆಮೇಲೆ ತಳದಿಂದ ಹರಿಯುವಷ್ಟು ನೀರು ಹಾಕಿ ನೋಡಿ. ನೀರು ಮೇಲೆ ನಿಂತೇ ಇದ್ದರೆ ಈಗಲೇ ಬಿಚ್ಚಿ ಮಿಶ್ರಣ ಸರಿ ಮಾಡಿ. ಬೇಜಾರಾಗುತ್ತದೆ, ಆದರೂ ಮಾಡಿ.

## ಹಂತ 5: ಆಸರೆ

ಆಸರೆಯನ್ನು ನೆಡುವಾಗಲೇ ನಿಲ್ಲಿಸಬೇಕು. ಆರು ತಿಂಗಳು ಬಿಟ್ಟು ಚುಚ್ಚಿದರೆ ಬೇರು ಸೀಳುತ್ತದೆ.

ಮೊದಲೆಲ್ಲ ನಾನು ದಬ್ಬೆಗೆ ನಾರಿನ ಹಗ್ಗ ಸುತ್ತಿ ನಿಲ್ಲಿಸುತ್ತಿದ್ದೆ. ನೋಡಲು ಚಂದ. ಆದರೆ ಎರಡನೇ ವರ್ಷಕ್ಕೆ ಬುಡ ಕೊಳೆತು ಗಿಡ ಸಮೇತ ಮಗುಚಿತು, ಇನ್ನೊಂದಕ್ಕೆ ಗೆದ್ದಲು ಹತ್ತಿತು. ಈಗ ಪಿವಿಸಿ ಪೈಪಿಗೆ ಹಗ್ಗ ಸುತ್ತುತ್ತೇನೆ. ಮೆಣಸಿನ ಬಳ್ಳಿಯನ್ನು ಅಡಿಕೆ ಮರಕ್ಕೆ ಹಬ್ಬಿಸಿದವರಿಗೆ ಉಳಿದದ್ದು ಹೇಳಬೇಕಾಗಿಲ್ಲ: ಬೇರು ಹೊರಡುವ ಬದಿ ಆಸರೆಗೆ ತಾಗಬೇಕು, ಗಂಟಿನ (ಕಾಂಡದಲ್ಲಿ ಎಲೆ, ಬೇರು ಹೊರಡುವ ಜಾಗ) ಹತ್ತಿರ ಕಟ್ಟಬೇಕು, ಬಿಗಿಯಬಾರದು. ಒಂದೇ ವ್ಯತ್ಯಾಸ, ಇಲ್ಲಿ ಜನ ಗೊತ್ತಾಗದೆ ಎಲೆಯ ತೊಟ್ಟನ್ನು ಹಿಡಿದು ಕಟ್ಟುತ್ತಾರೆ. ತೊಟ್ಟು ಬೆಳಕಿನ ಕಡೆ ತಿರುಗಬೇಕು, ಅದನ್ನು ಬಿಟ್ಟುಬಿಡಿ. ಕಾಂಡವನ್ನಷ್ಟೇ ಕಟ್ಟಿ.

## ಹಂತ 6: ನೀರು

ವಾರದ ಲೆಕ್ಕ ಮರೆತುಬಿಡಿ. ಬಿದಿರಿನ ಕಡ್ಡಿಯನ್ನು ಕುಂಡದ ಅರ್ಧ ಆಳಕ್ಕೆ ಇಳಿಸಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿಯ ತುದಿ ಕಪ್ಪಗೆ ಒದ್ದೆಯಾಗಿ, ಚೂರು ಅಂಟಿಕೊಂಡು ಬಂದರೆ ನೀರು ಬೇಡ. ತುದಿಯಲ್ಲಿ ತಂಪು ಮಾತ್ರ ಇದ್ದು, ಮೇಲಿನ ಎರಡು ಇಂಚು ಒಣಗಿದ್ದರೆ ಹಾಕಿ. ಕೆಲವು ಸಲ ಹೀಗೆ ಮಾಡಿದ ಮೇಲೆ ಕುಂಡ ಎತ್ತಿದರೇ ಗೊತ್ತಾಗುತ್ತದೆ. ಹಸಿ ಕುಂಡದ ತೂಕ ಕೈಗೆ ನೆನಪಿರುತ್ತದೆ.

ಹಾಕುವಾಗ ತಳದಿಂದ ಬರುವಷ್ಟು ಹಾಕಿ, ಆಮೇಲೆ ಮುಟ್ಟಬೇಡಿ. "ದಿನಾ ಒಂದು ಲೋಟ" ಎಂಬುದು ಅತಿ ಕೆಟ್ಟ ಪದ್ಧತಿ. ಮೇಲೆ ಯಾವಾಗಲೂ ಒದ್ದೆ, ಕೆಳಗೆ ಒಂದು ಸಲವೂ ತೊಳೆದು ಹೋಗುವುದಿಲ್ಲ. ತಟ್ಟೆಗೆ ಇಳಿದ ನೀರನ್ನು ಅರ್ಧ ಗಂಟೆಯಲ್ಲಿ ಚೆಲ್ಲಿ. ಬೇರಿಗಾಗಿ ಮಾತ್ರ ಅಲ್ಲ, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಎಂಟು ಇಂಚಿನ ಕುಂಡಕ್ಕೆ ಏಪ್ರಿಲ್‌ನಲ್ಲಿ ಐದು ದಿನಕ್ಕೊಮ್ಮೆ ನೀರು ಬೇಕಾಗುತ್ತದೆ. ಜುಲೈಯಲ್ಲಿ ಎರಡು ವಾರ ದಾಟಿದರೂ ಕಡ್ಡಿ ಒದ್ದೆಯೇ ಬರುತ್ತದೆ. ಒಂದು ವರ್ಷ ಇಪ್ಪತ್ತೆರಡು ದಿನ ಹಾಕಲಿಲ್ಲ, ಗಿಡ ಚೆನ್ನಾಗೇ ಇತ್ತು. ನಿಮ್ಮ ಮನೆಯ ಲೆಕ್ಕ ಬೇರೆ ಇರುತ್ತದೆ, ಇದನ್ನು ಬರೆದಿಟ್ಟುಕೊಳ್ಳಬೇಡಿ.

ಮಳೆಯಲ್ಲಿ ನೆನೆಯಲಿ ಎಂದು ಹೊರಗೆ ಇಡುವ ಆಸೆ ಎಲ್ಲರಿಗೂ ಇರುತ್ತದೆ. ಮೇ ತಿಂಗಳ ಒಂದು ಮಳೆಗೆ ಇಡಿ, ಎಲೆಯ ಧೂಳೂ ಹೋಗುತ್ತದೆ. ಜುಲೈ ಮಳೆಗೆ ಬೇಡ. ಸೂರಿನ ನೀರು ಬೀಳುವ ಕಡೆಯಂತೂ ಯಾವತ್ತೂ ಬೇಡ, ಒಂದೇ ರಾತ್ರಿಯಲ್ಲಿ ಮಿಶ್ರಣ ಕೊಚ್ಚಿ ಬೇರು ಬೆತ್ತಲಾಗುತ್ತದೆ.

ಮಳೆಗಾಲದಲ್ಲಿ ನೀರಿಗಿಂತ ಗಾಳಿ ಕೊಡಿ. ಮಳೆ ಹೊಳವಾದಾಗ ಕಿಟಕಿ ತೆರೆಯಿರಿ, ಇಲ್ಲದಿದ್ದರೆ ಫ್ಯಾನ್ ಒಂದನೇ ನಂಬರಿನಲ್ಲಿ ಒಂದೆರಡು ಗಂಟೆ ತಿರುಗಲಿ. ಎಲೆಗೆ ನೀರು ಸಿಂಪಡಿಸುವುದು ಈ ತಿಂಗಳುಗಳಲ್ಲಿ ಬೇಡವೇ ಬೇಡ.

## ಹಂತ 7: ಗೊಬ್ಬರ

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫೆಬ್ರವರಿಯಿಂದ ಮೇ ಮತ್ತು ಸೆಪ್ಟೆಂಬರ್‌ನಿಂದ ನವೆಂಬರ್, ತಿಂಗಳಿಗೊಮ್ಮೆ 19:19:19 ಗೊಬ್ಬರ ಲೀಟರಿಗೆ 1 ಗ್ರಾಂ. ಇಲ್ಲವೇ ಎರಡು ಮೂರು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ. ಮಳೆಗಾಲದಲ್ಲಿ ಏನೂ ಬೇಡ. ಕೊಟ್ಟಿಗೆ ಗೊಬ್ಬರ ಮನೆಯೊಳಗೆ ತಂದರೆ ಹುಳವೂ ಜೊತೆಗೇ ಬರುತ್ತದೆ. ಸಕ್ಕರೆ, ಹಾಲು ಬೆರೆತ ಟೀ ಚರಟ ಹಾಕಬೇಡಿ. ಅಕ್ಕಚ್ಚು ಹಸುವಿಗೇ ಇರಲಿ.

## ಹಂತ 8: ಎಲೆ ಒರೆಸುವುದು, ಹುಳ ನೋಡುವುದು

ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆ ಹಿಂಡಿ ಎಲೆಯ ಎರಡೂ ಬದಿ ಒರೆಸಿ. ಕೊಬ್ಬರಿ ಎಣ್ಣೆ ಹಚ್ಚಿ ಮಿಂಚಿಸುವವರಿದ್ದಾರೆ. ಎಣ್ಣೆಯಿಂದ ಎಲೆಯ ಉಸಿರಾಟದ ರಂಧ್ರ ಮುಚ್ಚುತ್ತದೆ, ಧೂಳು ಇನ್ನೂ ಹಿಡಿಯುತ್ತದೆ.

ಒರೆಸುವಾಗ ತೊಟ್ಟು ಕಾಂಡ ಸೇರುವ ಸಂದು ನೋಡಿ. ಹತ್ತಿಯಂಥ ಬಿಳಿ ಚುಕ್ಕೆ ಕಂಡರೆ ಹಿಟ್ಟು ತಿಗಣೆ. ಬೇಸಿಗೆಯಲ್ಲಿ ಎಲೆಯಡಿ ಸಣ್ಣ ಬಲೆ, ಮೇಲೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕೆಗಳಾದರೆ ಕೆಂಪು ನುಸಿ. ಎರಡಕ್ಕೂ ಮೊದಲು ನೀರಿನಲ್ಲಿ ತೊಳೆದು, ಸಂಜೆ ಹೊತ್ತು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಅದು ಬೆರೆಯಲು 1 ಮಿ.ಲೀ. ಸೋಪಿನ ದ್ರವ ಸೇರಿಸಿ ಸಿಂಪಡಿಸಿ. ವಾರಕ್ಕೊಮ್ಮೆ ಮೂರು ವಾರ. ಕುಂಡದ ಮೇಲೆ ಸಣ್ಣ ಕಪ್ಪು ನೊಣ ಹಾರಾಡುತ್ತಿದ್ದರೆ ಅದು ಔಷಧಿ ಕೇಳುತ್ತಿಲ್ಲ, ನೀರು ಜಾಸ್ತಿಯಾಗಿದೆ ಎಂದು ಹೇಳುತ್ತಿದೆ.

## ಯಾವ ಲಕ್ಷಣಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಕೆಳಗಿನ ಒಂದು ಹಳೇ ಎಲೆ ನಿಧಾನವಾಗಿ ಹಳದಿಯಾಗುವುದು ವಯಸ್ಸು. ಬೆಳಗ್ಗೆ ಎಲೆಯ ತುದಿಯಲ್ಲಿ ನೀರಿನ ಹನಿ ತೂಗುವುದೂ ರೋಗವಲ್ಲ. ಹೊಸ ಎಲೆಗೆ ಸೀಳು ಬರದಿದ್ದರೆ ಗಿಡ ಇನ್ನೂ ಎಳೆಯದು ಅಥವಾ ಬೆಳಕು ಸಾಲದು. ಸುರುಳಿ ಬಿಚ್ಚದ ಎಲೆಯನ್ನು ಕೈಯಿಂದ ಬಿಡಿಸಲು ಹೋಗಬೇಡಿ, ಹರಿಯುತ್ತದೆ.

ಎಲೆಯ ಅಂಚು ಹಪ್ಪಳದಂತೆ ಒಣಗಿ ಮುರಿಯುತ್ತಿದ್ದರೆ ಒಣಗಾಳಿ, ನೀರು ಕಮ್ಮಿ ಅಥವಾ ಗೊಬ್ಬರದ ಉಪ್ಪು. ಜನವರಿಯಿಂದ ಏಪ್ರಿಲ್‌ವರೆಗೆ ಇದು ಸಾಮಾನ್ಯ. ನಾಲ್ಕಾರು ಕುಂಡಗಳನ್ನು ಒತ್ತೊತ್ತಾಗಿ ಇಟ್ಟರೆ ಕಮ್ಮಿಯಾಗುತ್ತದೆ.

ಈಗ ಹೆದರಬೇಕಾದದ್ದು. ಎರಡು ಮೂರು ಎಲೆ ಒಟ್ಟಿಗೆ ಹಳದಿ. ಕಂದು ಮಚ್ಚೆ ಒಣಗದೆ ಮೆತ್ತಗೆ, ಸುತ್ತ ಹಳದಿ ಉಂಗುರ. ಮಣ್ಣು ಹಸಿ ಇದ್ದೂ ಗಿಡ ಬಾಡುವುದು. ಬುಡದಲ್ಲಿ ಕೆಸರಿನ ವಾಸನೆ. ಹಸಿ ಮಣ್ಣಿನಲ್ಲಿ ಬಾಡಿದ ಗಿಡಕ್ಕೆ ಬಾಯಾರಿಕೆ ಎಂದು ಇನ್ನೊಂದು ಚೊಂಬು ಸುರಿಯುವುದೇ ಕೊನೆಯ ಪೆಟ್ಟು. ಈ ನಾಲ್ಕರಲ್ಲಿ ಎರಡು ಕಂಡರೂ ಅವತ್ತೇ ಮುಂದಿನ ಹಂತಕ್ಕೆ ಹೋಗಿ. ಭಾನುವಾರಕ್ಕೆ ಕಾಯಬೇಡಿ.

## ಹಂತ 9: ಕೊಳೆತ ಗಿಡ ಉಳಿಸುವುದು

ಕುಂಡದಿಂದ ತೆಗೆದು ಬೇರು ತೊಳೆಯಿರಿ. ಗಟ್ಟಿಯಾಗಿ ಬೆಳ್ಳಗೆ, ಕೆನೆ ಬಣ್ಣದಲ್ಲಿ ಇರುವುದು ಜೀವಂತ. ಕಪ್ಪಗೆ ಮೆತ್ತಗಾಗಿ, ಎಳೆದರೆ ಸಿಪ್ಪೆ ಜಾರುವುದು ಸತ್ತಿದ್ದು. ಸತ್ತಿದ್ದನ್ನೆಲ್ಲ ಕತ್ತರಿಸಿ, ಅನುಮಾನ ಇರುವುದನ್ನೂ ಕತ್ತರಿಸಿ. ಪ್ರತಿ ಸಲ ಕತ್ತರಿಸಿದ ಮೇಲೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಹಳೇ ಮಿಶ್ರಣವನ್ನು ಇನ್ನೊಂದು ಕುಂಡಕ್ಕೆ ಹಾಕಬೇಡಿ, ದೂರ ಚೆಲ್ಲಿ.

ತೋಟಕ್ಕೆಂದು ತಂದ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಮನೆಯಲ್ಲಿದ್ದರೆ ಲೀಟರಿಗೆ 2 ಗ್ರಾಂ ಕಲಸಿ, ಮನೆಯ ಹೊರಗೆ, ಕೈಗವಸು ಹಾಕಿಕೊಂಡು ಬೇರು ಅದ್ದಬಹುದು. ಕತ್ತರಿ ಮಾಡುವ ಕೆಲಸವನ್ನು ಔಷಧಿ ಮಾಡುವುದಿಲ್ಲ ಎಂಬುದು ನೆನಪಿರಲಿ. ಅರ್ಧ ದಿನ ನೆರಳಿನಲ್ಲಿ ಗಾಯ ಆರಲು ಬಿಟ್ಟು, ಉಳಿದ ಬೇರಿನ ಅಳತೆಗೆ ಸರಿಯಾದ ಚಿಕ್ಕ ಕುಂಡದಲ್ಲಿ, ಬರೀ ನಸುತೇವದ ಹೊಸ ಮಿಶ್ರಣದಲ್ಲಿ ನೆಡಿ. ಎರಡು ಮೂರು ದಿನ ನೀರು ಹಾಕಬೇಡಿ. ಹೊಸ ಎಲೆ ಕಾಣುವ ತನಕ ಗೊಬ್ಬರವೂ ಇಲ್ಲ.

ಬೇರು ಪೂರ್ತಿ ಹೋಗಿದ್ದರೂ ಮೇಲಿನ ಕಾಂಡ ಹಸಿರಾಗಿ ಗಟ್ಟಿಯಾಗಿದ್ದರೆ ದಾರಿ ಇದೆ. ಒಂದು ಗಂಟು, ಒಂದು ಎಲೆ, ಸಾಧ್ಯವಾದರೆ ಒಂದು ಗಾಳಿಬೇರು ಇರುವಂತೆ ಗಂಟಿನ ಒಂದಿಂಚು ಕೆಳಗೆ ಕತ್ತರಿಸಿ. ಗಂಟಿಲ್ಲದೆ ಬರೀ ಎಲೆ, ತೊಟ್ಟು ನೀರಿನಲ್ಲಿಟ್ಟು ತಿಂಗಳುಗಟ್ಟಲೆ ಕಾಯುವವರು ತುಂಬ ಜನ. ಅದರಿಂದ ಗಿಡ ಆಗುವುದಿಲ್ಲ. ಬಾಟಲಿಯಲ್ಲಿ ಗಂಟು ಮುಳುಗಬೇಕು, ಎಲೆ ಮುಳುಗಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿ. ಬಿಸಿಲ ದಿನಗಳಲ್ಲಾದರೆ ಬೇರು ಬೇಗ ಮೂಡುತ್ತದೆ. ಮಳೆಗಾಲದಲ್ಲಿ ಆರು ವಾರ ದಾಟಿದರೂ ಗಾಬರಿ ಬೇಡ, ಕಾಂಡ ಗಟ್ಟಿ ಇದ್ದಷ್ಟು ದಿನ ಆಸೆ ಇದೆ. ಬೇರು ಮೂರು ಇಂಚು ಆಗಿ ಅದರಿಂದ ಕವಲು ಹೊರಟ ಮೇಲೆ ನಾಲ್ಕು ಇಂಚಿನ ಕುಂಡಕ್ಕೆ ಇಳಿಸಿ, ಅದೇ ಮಿಶ್ರಣ. ನೀರಿನಲ್ಲಿ ಬೆಳೆದ ಬೇರಾದ್ದರಿಂದ ಮೊದಲ ಎರಡು ವಾರ ಮಾತ್ರ ಮಿಶ್ರಣ ಪೂರ್ತಿ ಒಣಗಲು ಬಿಡಬೇಡಿ. ಆಮೇಲೆ ಮತ್ತೆ ಬಿದಿರಿನ ಕಡ್ಡಿ.